ಮೂರು ಮಳೆಗಾಲ ಕಂಡ ಕಾಯಿ ಶೆಡ್ಡು, ಮತ್ತು ಆ 210 ಕೆಜಿ ಕಬ್ಬಿಣ

ಬೆಳಗ್ಗೆ ಕಾಫಿ ಕುಡಿದವನೇ ಅಟ್ಟ ಹತ್ತುತ್ತೇನೆ. ಒಂದು ಕಾಯಿ ಎತ್ತಿ ಕಿವಿ ಹತ್ತಿರ ಅಲ್ಲಾಡಿಸುತ್ತೇನೆ. ನೀರಿನ ಸದ್ದು ಬಂದರೆ ಇನ್ನೂ ಕಾಯಬೇಕು. ಒಳಗೆ ಗಿಟುಕು, ಅಂದರೆ ಒಣಗಿದ ಕೊಬ್ಬರಿ, ಗಟಗಟ ಉರುಳಿದರೆ ಆ ಮೂಲೆಯ ಕಾಯಿ ಸುಲಿಯಬಹುದು. ಹತ್ತು ಹನ್ನೊಂದು ತಿಂಗಳು ಕಾದು ಆ ಸದ್ದು ಕೇಳುವುದರ ಸುಖ ತಿಪಟೂರು ಕಡೆಯವರಿಗೆ ಹೇಳಬೇಕಾಗಿಲ್ಲ.

ಮೊದಲಿದ್ದದ್ದು ಮರದ ಅಟ್ಟ. ಗೆದ್ದಲು ತಿಂದು ಟೊಳ್ಳಾಗಿತ್ತು, ಹತ್ತುವಾಗಲೆಲ್ಲ ಜೀವ ಕೈಯಲ್ಲಿ. 2022ರಲ್ಲಿ ತುಮಕೂರು ಕಡೆಯ ಒಂದು ವರ್ಕ್‌ಶಾಪಿನವರಿಂದ 40 ಅಡಿಗೆ 60 ಅಡಿಯ ಕಬ್ಬಿಣದ ಶೆಡ್ಡು ಮಾಡಿಸಿದೆ. 15 ಅಡಿಗೊಂದು ಕಂಬ, ನಾಲ್ಕು ಅಂಕಣ. ಅರ್ಧಕ್ಕೆ ಅಟ್ಟ, ಅಟ್ಟಕ್ಕೆ ನಮ್ಮದೇ ಅಡಿಕೆ ದಬ್ಬೆ. ಸೋರಿಲ್ಲ, ಬಾಗಿಲ್ಲ. ಚಳಿಗಾಲದ ಬೆಳಗಿನ ಜಾವ ಶೀಟಿನ ಒಳಮೈಯಲ್ಲಿ ಬೆವರಿನಂತೆ ನೀರು ಕಟ್ಟಿ ಕಾಯಿ ಮೇಲೆ ತೊಟ್ಟಿಕ್ಕುತ್ತಿತ್ತು. ಮೇಲೆ ಎರಡು ಗಾಳಿಚಕ್ರ ಹಾಕಿಸಿದ ಮೇಲೆ ಅದೂ ಕಡಿಮೆಯಾಗಿದೆ. ಶೆಡ್ಡಿನ ಬಗ್ಗೆ ಇಷ್ಟು ಸಾಕು. ನಾನು ಬರೆಯಲು ಕೂತದ್ದು ಬಿಲ್ಲಿನ ಬಗ್ಗೆ.

ಕೊಟೇಷನ್ ಕೊಟ್ಟದ್ದು ಮಾರ್ಚ್‌ನಲ್ಲಿ. ಕೆಜಿಗೆ 121 ರೂಪಾಯಿ, ನಿಲ್ಲಿಸಿಕೊಡುವುದೂ ಸೇರಿ. ಕೆಳಗೆ ಸಣ್ಣ ಅಕ್ಷರದಲ್ಲಿ ಎರಡು ಸಾಲು ಇದ್ದವು. ರೇಟು ಏಳು ದಿನಕ್ಕೆ ಮಾತ್ರ, ಲಾರಿ ಬಾಡಿಗೆ ಬೇರೆ. ಅಡ್ವಾನ್ಸ್ ಹೊಂದಿಸಲು ನನಗೆ ಹತ್ತು ದಿನ ಹಿಡಿಯಿತು. ಅಷ್ಟರಲ್ಲಿ ಕಬ್ಬಿಣ ಏರಿತ್ತು, ರೇಟು 125 ಆಯಿತು. ಸರಿ, ಬರೆದಿತ್ತಲ್ಲ, ಒಪ್ಪಿಕೊಂಡೆ.

ಬಾಡಿಗೆ ನನ್ನ ಲೆಕ್ಕಕ್ಕಿಂತ ಜಾಸ್ತಿ ಬಂತು. ತುಮಕೂರಿನಿಂದ ತಿಪಟೂರಿಗೆ ಎಪ್ಪತ್ತು ಚಿಲ್ಲರೆ ಕಿಲೋಮೀಟರ್ ತಾನೇ ಅಂದುಕೊಂಡಿದ್ದೆ. ಆದರೆ ಲಾರಿಗೆ ದೂರ, ತೂಕ ಮಾತ್ರ ಲೆಕ್ಕವಲ್ಲ, ಉದ್ದವೂ ಲೆಕ್ಕ. ಜಾಯಿಂಟ್ ಇಲ್ಲದ ಶೀಟು ಬೇಕು ಅಂತ ಹಟ ಹಿಡಿದವನು ನಾನೇ. ಒಂದೊಂದು 22 ಅಡಿ. ಸಣ್ಣ ಲಾರಿಯಲ್ಲಿ ಅದು ಕೂರುವುದಿಲ್ಲ. ದೊಡ್ಡ ಲಾರಿ ಬಂತು, ನಮ್ಮ ತೋಟದ ದಾರಿಯ ತಿರುವಿನಲ್ಲಿ ನಿಂತುಬಿಟ್ಟಿತು. ಅಲ್ಲಿಂದ ಟ್ರ್ಯಾಕ್ಟರು, ಹಮಾಲಿ. ಇಳಿಸುವುದು ಸಂಜೆಯಾದ್ದರಿಂದ ಡ್ರೈವರ್ ‘ಅಣ್ಣಾ, ಹಾಲ್ಟಿಂಗ್ ಕೊಡ್ಬೇಕಾಗುತ್ತೆ’ ಅಂದ. ಇದಕ್ಕೆಲ್ಲ ಅವರನ್ನು ಬಯ್ಯುವುದಿಲ್ಲ. ನಮ್ಮ ದಾರಿ ನಮಗೆ ಗೊತ್ತಿರಬೇಕಿತ್ತು.

ತೂಕದಲ್ಲೂ ಮೋಸವಿರಲಿಲ್ಲ. ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲ, ಒಂದು ಮಿಲಿಮೀಟರ್ ದಪ್ಪದ ಉಕ್ಕಿನ ತಗಡು 7.85 ಕೆಜಿ. ಈ ಒಂದು ಲೆಕ್ಕ ಹಿಡಿದು ಪ್ಲೇಟುಗಳನ್ನೆಲ್ಲ ರಾತ್ರಿ ಕೂತು ಗುಣಿಸಿದ್ದೆ. ವೇಬ್ರಿಡ್ಜ್ ಚೀಟಿಗೂ ನನ್ನ ನೋಟ್‌ಬುಕ್ಕಿಗೂ ಹೆಚ್ಚುಕಡಿಮೆ ತಾಳೆಯಾಯಿತು. ಅಲ್ಲಿಯವರೆಗೆ ಎಲ್ಲರ ಹತ್ತಿರವೂ ಅವರನ್ನು ಹೊಗಳುತ್ತಿದ್ದೆ.

ಜೂನ್‌ನಲ್ಲಿ ಕಂಬಗಳು ನಿಂತವು. ಆಗ ಕಾಣಿಸಿತು, ಶಟರ್ ಬರುವ ಅಂಕಣದ ನೇರಕ್ಕೆ ಅಪ್ಪ ನೆಟ್ಟ ಹಲಸಿನ ಮರ. ಲಾರಿ ಹಿಮ್ಮುಖ ಬರಲು ಜಾಗವೇ ಇಲ್ಲ. ಮರ ಕಡಿಯುವ ಮಾತು ಮನೆಯಲ್ಲಿ ಎತ್ತುವಂತಿಲ್ಲ. ಸುಮ್ನೆ ಶಟರನ್ನು ಪಕ್ಕದ ಅಂಕಣಕ್ಕೆ ಸರಿಸಿ ಅಂದೆ. ಶಟರ್ ಇನ್ನೂ ಬಂದೇ ಇರಲಿಲ್ಲ, ಇದಕ್ಕೇನು ಖರ್ಚು ಅನ್ನುವುದು ನನ್ನ ಎಣಿಕೆ.

ಆ ಪಕ್ಕದ ಅಂಕಣದಲ್ಲಿ ಇಂಟು ಮಾರ್ಕಿನಂತೆ ಎರಡು ಆಂಗಲ್, ಅಂದರೆ L ಆಕಾರದ ಕಬ್ಬಿಣದ ಪಟ್ಟಿ, ಕಟ್ಟಿದ್ದರು. ಬ್ರೇಸಿಂಗ್. ಗಾಳಿ ಶೆಡ್ಡನ್ನು ಉದ್ದಕ್ಕೆ ನೂಕಿದಾಗ ಕಂಬ ವಾಲದಂತೆ ಹಿಡಿಯುವುದು ಅದೇ. ಅಲ್ಲಿ ಬಾಗಿಲು ಬೇಕಾದರೆ ಇಂಟು ತೆಗೆಯಬೇಕು, ಬದಲಿಗೆ ಬೀಮಿನ ಗಟ್ಟಿ ಚೌಕಟ್ಟು ಕೂರಿಸಬೇಕು. ಊರಿನ ವೆಲ್ಡಿಂಗ್ ಹುಡುಗ ‘ಕಟ್ ಮಾಡಿ ಬಿಸಾಕಿ, ಏನೂ ಆಗಲ್ಲ’ ಅಂದ. ವರ್ಕ್‌ಶಾಪಿನ ಯಜಮಾನರು ಒಪ್ಪಲಿಲ್ಲ.

ಬಂದ ಎಕ್ಸ್‌ಟ್ರಾ ಬಿಲ್ ಹೀಗಿತ್ತು. 150 ಮಿಲಿಮೀಟರ್ ಎತ್ತರದ ಬೀಮು 13 ಮೀಟರ್, ಪ್ಲೇಟು ಸೇರಿ 210 ಕೆಜಿ, 125ರಂತೆ 26,250. ಡ್ರಾಯಿಂಗ್ ಬದಲಿಸಿದ್ದಕ್ಕೆ 5,000. ಲಾರಿ 9,500. ಕ್ರೇನು 8,000. ಬಿಚ್ಚಿದ ಆಂಗಲ್ 72 ಕೆಜಿ ವಾಪಸ್, ಗುಜರಿ ರೇಟು 38ರಂತೆ 2,736 ಕಳೆದರು. ಅದೇ ಆಂಗಲ್‌ಗೆ ನಾನು 9,000 ಕೊಟ್ಟಿದ್ದೆ! ಮೇಲೆ ಜಿಎಸ್‌ಟಿ 18 ಪರ್ಸೆಂಟ್. ಒಟ್ಟು 54,297. ಟ್ಯಾಕ್ಸ್ ಸೇರಿ 147.50 ಬೀಳಬೇಕಾದ ಕೆಜಿ 258 ದಾಟಿತು.

ವರ್ಕ್‌ಶಾಪಿನವರ ಜೊತೆ ಫೋನಿನಲ್ಲಿ ಜಗಳ ಆಡಿದೆ. ‘ಸಾರ್, ಲಾರಿಯವನಿಗೆ 210 ಕೆಜಿ ಆದ್ರೂ ಅಷ್ಟೇ, ಏಳು ಟನ್ ಆದ್ರೂ ಅಷ್ಟೇ’ ಅಂದರು. ನಂಬದೆ ಬೇರೆ ಇಬ್ಬರು ಲಾರಿಯವರನ್ನು ಕೇಳಿದೆ. ಇಬ್ಬರೂ ಅದನ್ನೇ ಅಂದರು. ಸರಿ, ಲಾರಿ ಬಿಟ್ಟೆ. ಆದರೆ ಬಾಡಿಗೆ ಅವರ ಬಿಲ್ಲಿನಲ್ಲೇ ಬಂದದ್ದಕ್ಕೆ ಅದಕ್ಕೂ 18 ಪರ್ಸೆಂಟ್ ಬಿತ್ತು. ನಾನೇ ಗೊತ್ತುಮಾಡಿ ಕೈಗೆ ಕೊಟ್ಟಿದ್ದರೆ 1,710 ಉಳಿಯುತ್ತಿತ್ತು. ದಾರಿಯಲ್ಲಿ ಮಾಲು ಕೆಟ್ಟರೆ ಹೊಣೆ ನನ್ನದಾಗುತ್ತಿತ್ತು, ಅದು ಬೇರೆ ಮಾತು. ಕೊಟ್ಟ ಜಿಎಸ್‌ಟಿಯನ್ನು ವ್ಯಾಪಾರಿಗಳಂತೆ ಮುಂದಿನ ಟ್ಯಾಕ್ಸಿನಲ್ಲಿ ಕಳೆದುಕೊಳ್ಳುವ ಇನ್‌ಪುಟ್ ಕ್ರೆಡಿಟ್ ನಮ್ಮಂಥ ರೈತರಿಗೆ ಇಲ್ಲ, ಕೊಟ್ಟದ್ದು ಹೋಯಿತು ಅಂತಲೇ ಲೆಕ್ಕ.

ರೇಟಿನ ವಿಷಯ ಮಾತ್ರ ಸರಿಯೆನಿಸಲಿಲ್ಲ. ಮೇ ಕೊನೆಯಲ್ಲಿ ಕೇಂದ್ರ ಸರ್ಕಾರ ಉಕ್ಕಿನ ರಫ್ತಿಗೆ 15 ಪರ್ಸೆಂಟ್ ಸುಂಕ ಹಾಕಿತ್ತು, ಇಲ್ಲಿ ಬೆಲೆ ಇಳಿದಿತ್ತು. ಏರಿದಾಗ ನೆನಪಿಗೆ ಬಂದ ಏಳು ದಿನದ ನಿಯಮ ಇಳಿದಾಗ ಮರೆತುಹೋಯಿತಲ್ಲ ಸಾರ್ ಅಂದೆ. ‘ಸ್ಟಾಕು ಹಳೇ ರೇಟಿಂದು’ ಅಂದರು. ಇರಬಹುದು.

ನನಗೆ ಇವತ್ತಿಗೂ ಚುಚ್ಚುವುದು ಕ್ರೇನಿನ 8,000. ಆ 125ರಲ್ಲಿ ನಿಲ್ಲಿಸಿಕೊಡುವುದು ಸೇರಿದೆ ಅಲ್ವಾ? ಹಾಗಾದರೆ ಈ 210 ಕೆಜಿಗೂ ಸೇರಿರಬೇಕು. ಕ್ರೇನ್ ಬೇರೆ ಹಿಡಿಯುವುದಾದರೆ ಕೆಜಿ ರೇಟಿನಲ್ಲಿ ಆ ಭಾಗ ಕಳೆಯಬೇಕು. ಎರಡೂ ಕಡೆ ತೆಗೆದುಕೊಂಡರು. ಆ ರೇಟು ಒಂದೇ ಸಲ ಬಂದು ಹೋಗುವ ಲೆಕ್ಕಕ್ಕೆ ಅಂತ ಉತ್ತರ ಬಂತು. ಎಲ್ಲಿ ಬರೆದಿದೆ ಅಂದೆ. ಎಲ್ಲೂ ಇಲ್ಲ. ಕೊನೆಗೆ ಕೊಟ್ಟೆ, ಕಾಯಿ ಕೀಳುವ ಸಮಯ ಹತ್ತಿರ ಬಂದಿತ್ತು. 2023ರಲ್ಲಿ ಮಾರುಕಟ್ಟೆಯಲ್ಲಿ ಕೊಬ್ಬರಿ ರೇಟು ಸರ್ಕಾರದ ಬೆಂಬಲ ಬೆಲೆಯಾದ ಕ್ವಿಂಟಲ್‌ಗೆ 11,750ಕ್ಕಿಂತ ಕೆಳಗೆ ಬಿದ್ದಾಗ ಈ ಬಿಲ್ ತೆಗೆದು ಮತ್ತೆ ನೋಡಿದೆ. ಬೆಂಬಲ ಬೆಲೆಯಲ್ಲೇ ಎಣಿಸಿದರೂ ನಾಲ್ಕೂವರೆ ಕ್ವಿಂಟಲ್ ಕೊಬ್ಬರಿ.

ಇನ್ನು ನನ್ನ ತಪ್ಪು. ಕಬ್ಬಿಣ ಕತ್ತರಿಸುವ ಮೊದಲು ಡ್ರಾಯಿಂಗ್ ವಾಟ್ಸ್ಯಾಪಿಗೆ ಬಂದಿತ್ತು. ‘ಬಾಗಿಲು ಇಲ್ಲೇನಾ ಸಾರ್?’ ಅಂತ ಎಂಜಿನಿಯರ್ ಹುಡುಗ ಕೇಳಿಯೂ ಇದ್ದ. ಮದುವೆ ಮನೆಯಲ್ಲಿದ್ದೆ. ಊಟದ ಎಲೆ ಮುಂದೆ ಕೂತು ಓಕೆ ಒತ್ತಿದೆ. ಆವತ್ತು ಹಲಸಿನ ಮರ ನೆನಪಾಗಿದ್ದರೆ ಗೆರೆ ಬದಲಾಗುತ್ತಿತ್ತು, ಇನ್ನೊಂದು ಲಾರಿ ಬೇಕಾಗುತ್ತಿರಲಿಲ್ಲ.

ಹೋದ ವರ್ಷ ಮುಂಗಾರಿಗೆ ಮೊದಲಿನ ಬಿರುಗಾಳಿಗೆ ಊರಲ್ಲಿ ಒಂದೆರಡು ಶೆಡ್ಡಿನ ಶೀಟು ಹಾರಿದವು. ನಮ್ಮದರಲ್ಲಿ ಬರೀ ಸದ್ದು. ಅದಕ್ಕೂ ಆ ಚೌಕಟ್ಟಿಗೂ ಸಂಬಂಧ ಇದೆಯೋ ಇಲ್ಲವೋ, ಆ ರಾತ್ರಿ ಯಜಮಾನರ ಹಟ ನೆನೆದು ಅರ್ಧ ಸಿಟ್ಟು ಇಳಿಯಿತು. ಕೆಲಸಕ್ಕೆ ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಬಿಲ್ ಮಾಡುವ ರೀತಿಗೆ ಎರಡು.

ಈಗ ಪಕ್ಕಕ್ಕೆ ಒಂದು ಸಣ್ಣ ಇಳಿಜಾರು ಮಾಡು ಬೇಕಾಗಿದೆ, 300 ಕೆಜಿ ಆಗಬಹುದು. ಅವರಿಗೇ ಹೇಳುತ್ತೇನೆ. ಕೊಟೇಷನ್‌ನಲ್ಲಿ ಕ್ರೇನ್ ಸೇರಿ ಅಂತ ಬರೆಸಿಕೊಂಡಾಗಿದೆ. ಪಕ್ಕದ ತೋಟದವರೂ ಗೇಟು ಮಾಡಿಸಬೇಕು ಅನ್ನುತ್ತಿದ್ದಾರೆ. ಅವರ ಮನೆಯಲ್ಲಿ ಬಣ್ಣ ಯಾವುದು ಅಂತ ತೀರ್ಮಾನ ಆಗಲಿ ಅಂತ ಕಾಯುತ್ತಿದ್ದೇನೆ, ಎರಡೂ ಒಂದೇ ಲಾರಿಯಲ್ಲಿ ಬರುತ್ತವೆ.