ಕುಳಿತು ಓಡಿಸುವ ಹುಲ್ಲು ಕತ್ತರಿಸುವ ಯಂತ್ರ ಮತ್ತು ಕೌಲ್ ಬಜಾರಿನ ಮಿಸ್ತ್ರಿ: ಮೂರು ಮಳೆಗಾಲದ ಅನುಭವ

ಬಳ್ಳಾರಿಯಿಂದ ಸಿರುಗುಪ್ಪ ರಸ್ತೆಯಲ್ಲಿ ಸ್ವಲ್ಪ ದೂರ ಹೋದರೆ ಸಿಗುವ ವಸತಿ ಶಾಲೆಯೊಂದರ ಮೈದಾನ ಮತ್ತು ತೋಟದ ಉಸ್ತುವಾರಿ ನನ್ನದು. ಸುಮಾರು ಆರು ಎಕರೆ ಗರಿಕೆ ಹುಲ್ಲಿನ ಬಯಲು. ಮೊದಲು ಇಬ್ಬರು ಆಳುಗಳು ಹೆಗಲಿಗೆ ತೂಗುಹಾಕಿಕೊಳ್ಳುವ ಬ್ರಷ್ ಕಟರ್ ಹಿಡಿದು ವಾರಗಟ್ಟಲೆ ದುಡಿಯುತ್ತಿದ್ದರು. ಅವರು ಮೈದಾನದ ಕೊನೆ ಮುಟ್ಟುವ ಹೊತ್ತಿಗೆ ಮೊದಲ ಮೂಲೆಯಲ್ಲಿ ಹುಲ್ಲು ಮತ್ತೆ ಮೊಣಕಾಲೆತ್ತರ ಬೆಳೆದಿರುತ್ತಿತ್ತು. ಮೂರು ವರ್ಷಗಳ ಹಿಂದೆ ಆಡಳಿತ ಮಂಡಳಿಯನ್ನು ಒಪ್ಪಿಸಿ, ಚಾಲಕ ಮೇಲೆ ಕುಳಿತು ಓಡಿಸುವ ಪೆಟ್ರೋಲ್ ಯಂತ್ರವೊಂದನ್ನು ತರಿಸಿದೆವು. ಅಡಿಯಲ್ಲಿ 42 ಇಂಚು ಅಗಲದ ಡೆಕ್ಕು ಎಂಬ ಹೊದಿಕೆ, ಅದರೊಳಗೆ ಎರಡು ಬ್ಲೇಡು, ಗೇರಿನ ಬದಲು ಪೆಡಲ್ ಒತ್ತಿದರೆ ಹೋಗುವ ವ್ಯವಸ್ಥೆ. ಈಗ ಅದೇ ಮೈದಾನ ಎರಡು ಬೆಳಗಿನ ಕೆಲಸ. ಕತ್ತರಿಸುವ ಗುಣದ ಬಗ್ಗೆ ನನಗೆ ಯಾವ ದೂರೂ ಇಲ್ಲ: ಹುಲ್ಲು ಸಮವಾಗಿ ನಿಲ್ಲುತ್ತದೆ, ಮಕ್ಕಳು ಬರಿಗಾಲಿನಲ್ಲಿ ಓಡುತ್ತಾರೆ. ಆದರೆ ಈ ಯಂತ್ರವನ್ನು ಕೊಳ್ಳಬೇಕೆಂದಿರುವ ಶಾಲೆ, ಕಾಲೇಜು, ಕಲ್ಯಾಣ ಮಂಟಪದವರಿಗೆ ನಾನು ಹೇಳಬೇಕಾದದ್ದು ಕತ್ತರಿಸುವ ವಿಷಯವಲ್ಲ. ಅದಕ್ಕೆ ಪೆಟ್ರೋಲ್ ಹಾಕುವವರು ಯಾರು, ಅದನ್ನು ಬಿಚ್ಚಿ ಕಟ್ಟುವವರು ಯಾರು ಎಂಬುದನ್ನು ಮೊದಲು ಗೊತ್ತುಮಾಡಿಕೊಂಡು ಆಮೇಲೆ ದುಡ್ಡು ಕಟ್ಟಿರಿ ಎಂಬುದೇ ನನ್ನ ಮಾತು.

ಇದಕ್ಕೆ ಕಾರಣವಾದ ಘಟನೆಯನ್ನೇ ಮೊದಲು ಹೇಳಿಬಿಡುತ್ತೇನೆ. ಎರಡನೆಯ ವರ್ಷದ ಸರ್ವಿಸ್‌ಗೆಂದು ಯಂತ್ರವನ್ನು ಒಂದು ವರ್ಕ್‌ಶಾಪಿಗೆ ಕಳುಹಿಸಿದ್ದೆವು. ಉಬ್ಬುತಗ್ಗಿನಲ್ಲಿ ಹೋಗುವಾಗ ಎಂಜಿನ್ ತಾನಾಗಿಯೇ ನಿಂತುಬಿಡುತ್ತದೆ ಎಂದು ನಮ್ಮ ಮಾಲಿ ಅಲ್ಲಿ ದೂರು ಹೇಳಿದ್ದ. ಯಂತ್ರ ಮರಳಿ ಬಂದಾಗ ಆ ದೂರು ಇರಲಿಲ್ಲ, ನಾವೂ ಸಂತೋಷಪಟ್ಟೆವು. ಹದಿನೈದು ದಿನಗಳ ನಂತರ ಒಂದು ಬೆಳಿಗ್ಗೆ ಹಳೆಯ ವಾಲಿಬಾಲ್ ಬಲೆಯ ತುಂಡೊಂದು ಡೆಕ್ಕಿನ ಬಾಯಿಗೆ ಸಿಕ್ಕಿಕೊಂಡಿತು. ಮಾಲಿ ಕೀಲಿ ತಿರುಗಿಸದೆ, ಬ್ಲೇಡಿನ ಸ್ವಿಚ್ಚನ್ನೂ ಬಿಡಿಸದೆ, ಅಭ್ಯಾಸಬಲದಿಂದ ಕೆಳಗಿಳಿದು ಬಲೆಗೆ ಕೈ ಹಾಕಲು ಬಗ್ಗಿದ. ಸೀಟಿನಿಂದ ಎದ್ದ ಕೂಡಲೇ ನಿಲ್ಲಬೇಕಾಗಿದ್ದ ಎಂಜಿನ್ ನಿಲ್ಲಲಿಲ್ಲ. ಹತ್ತು ಹೆಜ್ಜೆ ದೂರದಲ್ಲಿದ್ದ ನಾನು ಕೂಗಿದ ಕೂಗಿಗೆ ಅವನು ಬೆಚ್ಚಿ ಹಿಂದೆ ಸರಿದ, ಕೈ ಉಳಿಯಿತು. ಸೀಟನ್ನು ಎತ್ತಿ ನೋಡಿದರೆ, ಅದರ ಅಡಿಯ ಸ್ವಿಚ್ಚಿಗೆ ಹೋಗುವ ಎರಡು ವೈರುಗಳನ್ನು ಒಂದಕ್ಕೊಂದು ಹೊಸೆದು, ಮೇಲೆ ಕಪ್ಪು ಇನ್ಸುಲೇಷನ್ ಟೇಪು ಸುತ್ತಲಾಗಿತ್ತು. ಸ್ವಿಚ್ಚು ಮಾತ್ರ ಏನೂ ಅರಿಯದಂತೆ ಪಕ್ಕದಲ್ಲಿ ಜೋತಾಡುತ್ತಿತ್ತು.

ಆ ವರ್ಕ್‌ಶಾಪಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಆದರೆ ಅವರು ಮಾಡಿದ್ದು ಎಷ್ಟು ದೊಡ್ಡ ತಪ್ಪು ಎಂಬುದನ್ನು ಬರೆಯದಿರಲಾರೆ. ನಿಮಿಷಕ್ಕೆ ಮೂರು ಸಾವಿರದ ಆಸುಪಾಸಿನಲ್ಲಿ ಸುತ್ತುವ ಬ್ಲೇಡಿಗೂ ಕುಳಿತವನ ಕೈಕಾಲಿಗೂ ನಡುವೆ ಇರುವ ಕೊನೆಯ ತಡೆ ಆ ಸಣ್ಣ ಸ್ವಿಚ್ಚು. ಸೀಟಿನ ಮೇಲೆ ಭಾರವಿಲ್ಲದಾಗ ಬ್ಲೇಡು ತಿರುಗುತ್ತಿದ್ದರೆ ಎಂಜಿನ್ ಆರಬೇಕು ಎಂಬುದು ಯಂತ್ರ ತಯಾರಿಸಿದವರ ಉದ್ದೇಶ. ಉಬ್ಬಿನಲ್ಲಿ ಎಂಜಿನ್ ಆರುತ್ತಿತ್ತೆಂದರೆ ಸೀಟಿನ ಸ್ಪ್ರಿಂಗು ಸಡಿಲವಾಗಿತ್ತು, ಇಲ್ಲವೇ ಸ್ವಿಚ್ಚು ಸವೆದಿತ್ತು. ಅದನ್ನು ಬದಲಿಸುವುದು ಸರ್ವಿಸ್, ವೈರು ಜೋಡಿಸುವುದು ಸರ್ವಿಸ್ ಅಲ್ಲ.

ಅದಾದ ಮೇಲೆ ಪರಿಚಯದವರೊಬ್ಬರು ಬಳ್ಳಾರಿಯ ಕೌಲ್ ಬಜಾರಿನಲ್ಲಿ ಪಂಪ್‌ಸೆಟ್, ಜನರೇಟರ್ ಮತ್ತು ಔಷಧಿ ಸಿಂಪಡಿಸುವ ಯಂತ್ರಗಳನ್ನು ರಿಪೇರಿ ಮಾಡುವ ಹಿರಿಯ ಮಿಸ್ತ್ರಿಯೊಬ್ಬರನ್ನು ಕರೆತಂದರು. ಈ ವಿಮರ್ಶೆ ನಿಜವಾಗಿ ಅವರ ಕೆಲಸದ ಬಗ್ಗೆಯೇ. ಅವರು ಯಂತ್ರವನ್ನು ಅಂಗಡಿಗೆ ಒಯ್ಯುವುದಿಲ್ಲ. ಚೀಲ ಹಿಡಿದು ಶಾಲೆಗೇ ಬರುತ್ತಾರೆ. ಬಂದವರು ಮೊದಲು ಕೇಳಿದ್ದು ಎಂಜಿನ್ ಬಗ್ಗೆ ಅಲ್ಲ. “ಪೆಟ್ರೋಲ್ ಕ್ಯಾನು ಎಲ್ಲಿಟ್ಟೀರಿ, ತೋರಿಸ್ರಿ ಸರ್” ಎಂದರು. ಕ್ಯಾನು ಬೋರ್‌ವೆಲ್ಲಿನ ಕೋಣೆಯಲ್ಲಿ, ಮೋಟಾರಿನ ಸ್ಟಾರ್ಟರ್ ಪೆಟ್ಟಿಗೆಯ ಕೆಳಗೇ ಇತ್ತು, ಅದೂ ಅಡುಗೆ ಎಣ್ಣೆಯ ಹಳೆಯ ಪ್ಲಾಸ್ಟಿಕ್ ಕ್ಯಾನು. ಅವರು ಮಾತಾಡದೆ ಅದನ್ನು ಎತ್ತಿಕೊಂಡು ಹೊರಗೆ ಬೇವಿನ ಮರದ ನೆರಳಿಗೆ ತಂದಿಟ್ಟು, ಆಮೇಲೆ ನಮ್ಮ ಮಾಲಿಯನ್ನು ಕರೆದು, “ತಮ್ಮಾ, ಪೆಟ್ರೋಲಿನ ಹಬೆ ಗಾಳಿಗಿಂತ ಭಾರ ಐತಿ, ಮ್ಯಾಲೆ ಹಾರಿ ಹೋಗಂಗಿಲ್ಲ, ನೆಲ ಹಿಡಿದು ಹರೀತೈತಿ. ಸ್ಟಾರ್ಟರ್ ಟಕ್ ಅಂದಾಗ ಒಂದು ಕಿಡಿ ಸಾಕು” ಎಂದು ಹೇಳಿದರು.

ಅವರು ಹೇಳಿದ್ದರ ಹಿಂದಿನ ವಿಜ್ಞಾನ ಸರಳವಾದದ್ದು. ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲೂ ಪೆಟ್ರೋಲಿನಿಂದ ಹೊತ್ತಿಕೊಳ್ಳುವಷ್ಟು ಹಬೆ ಏಳುತ್ತದೆ. ಹಾಗಿರುವಾಗ ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ನಮ್ಮ ಬಳ್ಳಾರಿಯ ಬಿಸಿಲಿನಲ್ಲಿ, ಗಾಳಿಯಾಡದ ಕೋಣೆಯಲ್ಲಿ, ಅರ್ಧ ತುಂಬಿದ ಕ್ಯಾನಿನ ಬಾಯಿ ಸಡಿಲವಿದ್ದರೆ ಏನಾಗಬಹುದೆಂದು ಬಿಡಿಸಿ ಹೇಳಬೇಕಿಲ್ಲ. ಕಾನೂನೂ ಈ ಬಗ್ಗೆ ಸ್ಪಷ್ಟವಾಗಿದೆ. 1934ರ ಪೆಟ್ರೋಲಿಯಂ ಕಾಯ್ದೆಯ ಪ್ರಕಾರ, ಮಾರಾಟದ ಉದ್ದೇಶವಿಲ್ಲದೆ ಲೈಸೆನ್ಸ್ ಇಲ್ಲದೆ ಒಬ್ಬರು ತಮ್ಮ ಬಳಿ ಇಟ್ಟುಕೊಳ್ಳಬಹುದಾದ ಪೆಟ್ರೋಲು 30 ಲೀಟರ್ ಮಾತ್ರ, ಅದೂ ಬಿರಡೆ ಭದ್ರವಾಗಿರುವ ಪಾತ್ರೆಯಲ್ಲಿ. ಲೋಹದ ಪಾತ್ರೆಯಾದರೆ ಅದು 25 ಲೀಟರಿಗಿಂತ ದೊಡ್ಡದಿರಬಾರದು. ನಾವು ಈಗ ಹತ್ತು ಲೀಟರಿನ ತಗಡಿನ ಜೆರಿ ಕ್ಯಾನ್ ಒಂದನ್ನು ಇಟ್ಟುಕೊಂಡು, ವಿದ್ಯುತ್ ಸಂಪರ್ಕವಿಲ್ಲದ, ಜಾಲರಿ ಕಿಟಕಿಯ ಹೊರಕೋಣೆಯಲ್ಲಿ ಅದಕ್ಕೆ ಜಾಗ ಮಾಡಿದ್ದೇವೆ.

ಪೆಟ್ರೋಲ್ ಹಾಕುವ ಕ್ರಮವನ್ನು ಅವರು ಕಲಿಸಿದ ರೀತಿ ನನಗೆ ಬಹಳ ಹಿಡಿಸಿತು. ಮೊದಲು ನಮ್ಮಲ್ಲಿ ಕೆಲಸದ ನಡುವೆ ಟ್ಯಾಂಕು ಬರಿದಾದಾಗ, ಎಂಜಿನ್ ಹೊಗೆಯಾಡುವಷ್ಟು ಬಿಸಿಯಿರುವಾಗಲೇ ಹಾಕುತ್ತಿದ್ದರು. ಬಿಸಿ ಸೈಲೆನ್ಸರ್ ಮೇಲೆ ನಾಲ್ಕು ಹನಿ ಚೆಲ್ಲಿದರೆ ಮುಗಿಯಿತು. ಎಂಜಿನ್ ಆರಿಸಿ ಕನಿಷ್ಠ ಹತ್ತು ಹದಿನೈದು ನಿಮಿಷ ಕಾಯಬೇಕೆಂದು ಕೈಪಿಡಿಯಲ್ಲಿದೆ; ಆದರೆ ಬಿಸಿಲೇರುವ ಮುನ್ನ ಕೆಲಸ ಮುಗಿಸಬೇಕೆಂಬ ಅವಸರದಲ್ಲಿ ಯಾರೂ ಕಾಯುವುದಿಲ್ಲವೆಂಬುದು ಮಿಸ್ತ್ರಿಗೆ ಗೊತ್ತು. ಹಾಗಾಗಿ ಅವರು ಕಾಯುವ ಪ್ರಸಂಗವೇ ಬರದಂತೆ ದಿನಚರಿಯನ್ನು ಬದಲಿಸಿದರು. ಬೆಳಿಗ್ಗೆ ಆರಕ್ಕೆ, ಎಂಜಿನ್ ತಣ್ಣಗಿರುವಾಗ, ಯಂತ್ರವನ್ನು ಶೆಡ್ಡಿನಿಂದ ಬಯಲಿಗೆ ತಳ್ಳಿ, ಕ್ಯಾನನ್ನು ನೆಲದ ಮೇಲಿಟ್ಟು, ಮುಚ್ಚಳವನ್ನು ನಿಧಾನವಾಗಿ ತಿರುಗಿಸಿ, ಕೊಳವೆಯ ತುದಿ ಟ್ಯಾಂಕಿನ ಅಂಚಿಗೆ ತಾಗಿರುವಂತೆ ಹಿಡಿದು ತುಂಬಿಸುವುದು; ಆ ಪೆಟ್ರೋಲು ಮುಗಿಯುವ ಹೊತ್ತಿಗೆ ಅಂದಿನ ಕೆಲಸವನ್ನೂ ಮುಗಿಸುವುದು. ಉಳಿದರ್ಧ ಮೈದಾನ ಮರುದಿನಕ್ಕೆ. ಅಂಚಿಗೆ ತಾಗಿಸಿ ಹಿಡಿಯುವುದು ಸ್ಥಿರ ವಿದ್ಯುತ್ತಿನ ಕಿಡಿ ಹಾರದಿರಲೆಂದು. ಇದೇ ಕಾರಣಕ್ಕೆ ಬಂಕಿನಲ್ಲಿಯೂ ಕ್ಯಾನನ್ನು ಗಾಡಿಯ ಮೇಲಿಟ್ಟುಕೊಂಡು ತುಂಬಿಸಬಾರದು, ಕೆಳಗಿಳಿಸಿ ನೆಲದ ಮೇಲಿಡಬೇಕು. ಟ್ಯಾಂಕನ್ನು ಕಂಠಪೂರ್ತಿ ತುಂಬಿಸುವುದೂ ಇಲ್ಲ. ಬಿಸಿಲಿಗೆ ಪೆಟ್ರೋಲು ಹಿಗ್ಗುತ್ತದೆ, ಅದಕ್ಕೆ ಜಾಗ ಬೇಕು.

ಪೆಟ್ರೋಲಿನ ವಿಷಯದಲ್ಲಿ ಇನ್ನೊಂದು ತೊಡಕಿದೆ. ಕೊಳ್ಳುವವರು ಇದನ್ನು ಗಮನವಿಟ್ಟು ಓದಬೇಕೆಂದು ಕೋರುತ್ತೇನೆ. ನಮ್ಮ ಯಂತ್ರದ ಕೈಪಿಡಿಯಲ್ಲಿ ಶೇ 10ಕ್ಕಿಂತ ಹೆಚ್ಚು ಎಥೆನಾಲ್ ಇರುವ ಪೆಟ್ರೋಲು ಬಳಸಬಾರದೆಂದು ಬರೆದಿದೆ. ಹುಲ್ಲು ಕತ್ತರಿಸುವ ಯಂತ್ರಗಳ ಸಣ್ಣ ಎಂಜಿನ್‌ಗಳಲ್ಲಿ ಇದು ಸಾಮಾನ್ಯ ನಿಬಂಧನೆ. ಆದರೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಶೇ 20 ಎಥೆನಾಲ್ ಬೆರೆತ ಪೆಟ್ರೋಲಿಗೆ ಚಾಲನೆ ದೊರೆತ ಮೇಲೆ, ಬಂಕುಗಳಲ್ಲಿ ಸಿಗುವುದು ಬಹುಮಟ್ಟಿಗೆ ಅದೇ. ಮಾರುವಾಗ ಡೀಲರು ಈ ಬಗ್ಗೆ ಒಂದು ಮಾತನ್ನೂ ಹೇಳಲಿಲ್ಲ. ಎಥೆನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಹೆಚ್ಚು ನೀರು ಸೇರಿದರೆ ಅದು ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕಿಳಿದು, ಪೆಟ್ರೋಲನ್ನು ಗಾಳಿಯೊಡನೆ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬ್ಯುರೇಟರಿನ ಲೋಹವನ್ನೂ ರಬ್ಬರನ್ನೂ ಕೆಡಿಸುತ್ತದೆ. ನಮ್ಮ ಮೈದಾನ ಮಳೆಯಾಶ್ರಿತ. ಜನವರಿಯಿಂದ ಮೇ ಕೊನೆಯವರೆಗೆ ಯಂತ್ರ ಶೆಡ್ಡಿನಲ್ಲೇ ನಿಂತಿರುತ್ತದೆ. ಮೊದಲ ವರ್ಷ ಟ್ಯಾಂಕಿನಲ್ಲಿ ಪೆಟ್ರೋಲು ಬಿಟ್ಟು ನಿಲ್ಲಿಸಿದ್ದರ ಫಲವಾಗಿ ಜೂನಿನಲ್ಲಿ ಕೀಲಿ ತಿರುಗಿಸಿದರೆ ಎಂಜಿನ್ ಬರೀ ಕೆಮ್ಮಿತು; ಕಾರ್ಬ್ಯುರೇಟರಿನ ಬಟ್ಟಲಿನಲ್ಲಿ ಬೆಲ್ಲದ ಪಾಕದಂತಹ ಅಂಟು ಕುಳಿತಿತ್ತು. ಮಿಸ್ತ್ರಿಯ ಸಲಹೆಯಂತೆ ಈಗ ಒಂದು ತಿಂಗಳಿಗಿಂತ ಹಳೆಯ ಪೆಟ್ರೋಲನ್ನು ಈ ಯಂತ್ರಕ್ಕೆ ಹಾಕುವುದಿಲ್ಲ. ಡಿಸೆಂಬರಿನ ಕೊನೆಯ ಕಟಾವಿನ ನಂತರ ತಣ್ಣಗಾದ ಟ್ಯಾಂಕನ್ನು ಖಾಲಿ ಮಾಡಿ, ಕಾರ್ಬ್ಯುರೇಟರಿನಲ್ಲಿ ಉಳಿದದ್ದು ತೀರುವವರೆಗೆ ಎಂಜಿನ್ ಓಡಿಸಿ, ಬ್ಯಾಟರಿಯ ಮೈನಸ್ ತಂತಿ ಬಿಚ್ಚಿ ನಿಲ್ಲಿಸುತ್ತೇವೆ. ಇದರಿಂದ ತೊಡಕು ಪೂರ್ತಿ ಬಗೆಹರಿಯಿತೆಂದಲ್ಲ, ಹಾನಿ ಕಡಿಮೆಯಾಯಿತು ಅಷ್ಟೆ. ಹೊಸದಾಗಿ ಕೊಳ್ಳುವವರು ಶೇ 20ರ ಪೆಟ್ರೋಲಿಗೆ ಎಂಜಿನ್ ಒಪ್ಪುತ್ತದೆಯೇ, ವಾರಂಟಿ ಉಳಿಯುತ್ತದೆಯೇ ಎಂಬುದನ್ನು ಡೀಲರಿನಿಂದ ಬರವಣಿಗೆಯಲ್ಲಿ ಪಡೆಯಿರಿ.

ಇನ್ನು ಧೂಳು. ಕೈಪಿಡಿ ಬರೆದವರು ಹಸಿರು ನಾಡಿನ ತೇವದ ಹುಲ್ಲನ್ನು ಕಂಡವರೇ ಹೊರತು ಎರೆಮಣ್ಣಿನ ಧೂಳನ್ನಾಗಲಿ, ಅದಿರಿನ ಲಾರಿಗಳು ಓಡಾಡುವ ರಸ್ತೆಗಳ ಕೆಂಧೂಳನ್ನಾಗಲಿ ಕಂಡವರಲ್ಲ. ಏರ್ ಫಿಲ್ಟರಿನ ಸ್ಪಂಜನ್ನು 25 ಗಂಟೆಗೊಮ್ಮೆ ತೊಳೆಯಿರಿ ಎಂದು ಅದರಲ್ಲಿದೆ, ಧೂಳು ಹೆಚ್ಚಿದ್ದಲ್ಲಿ ಇನ್ನೂ ಬೇಗ ಎಂಬ ಮಾತೂ ಇದೆ. ನಮ್ಮಲ್ಲಿ ಆ “ಇನ್ನೂ ಬೇಗ” ಎಂದರೆ ಪ್ರತಿ ಎಂಟು ಹತ್ತು ಗಂಟೆಗೊಮ್ಮೆ. ಮಿಸ್ತ್ರಿ ಮೊದಲ ಸಲ ಫಿಲ್ಟರಿನ ಮುಚ್ಚಳ ತೆಗೆದದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಕಾಗದದ ಫಿಲ್ಟರನ್ನು ಹೊರತೆಗೆದು ಅಂಗೈಗೆ ಮೆಲ್ಲನೆ ತಟ್ಟಿದರು. ಹಾಸಿದ ಹಳೆಯ ಪತ್ರಿಕೆಯ ಮೇಲೆ ರಾಗಿಹಿಟ್ಟಿನಂತಹ ನುಣ್ಣನೆಯ ಕಂದು ಧೂಳು ಒಂದು ಹಿಡಿಯಷ್ಟು ಬಿತ್ತು. ಆಮೇಲೆ ಫಿಲ್ಟರಿನ ಒಳಗೆ ಟಾರ್ಚು ಬಿಟ್ಟು, ಸುತ್ತ ತಿರುಗಿಸುತ್ತಾ ಹೋದರು. ಒಂದು ಮಡಿಕೆಯಲ್ಲಿ ಸೂಜಿಮೊನೆಯಷ್ಟು ಬೆಳಕಿನ ಚುಕ್ಕೆಗಳು ಮೂರು ಕಂಡವು. ಹಿಂದಿನ ವರ್ಕ್‌ಶಾಪಿನಲ್ಲಿ ಅದನ್ನು ಟೈರಿಗೆ ಗಾಳಿ ತುಂಬುವ ಕಂಪ್ರೆಸರಿನಿಂದ ಊದಿದ್ದರು. ಆ ಒತ್ತಡಕ್ಕೆ ಕಾಗದ ತೂತಾಗಿ, ಅಲ್ಲಿಂದ ಧೂಳು ನೇರವಾಗಿ ಸಿಲಿಂಡರಿಗೆ ಹೋಗುತ್ತಿತ್ತು. ಎಂಜಿನ್ ಆಯಿಲ್ ಕುಡಿಯಲು ಶುರುಮಾಡಿದ್ದಕ್ಕೆ ಇದೇ ಕಾರಣವೆಂದು ಅವರು ತೋರಿಸಿಕೊಟ್ಟರು. ಕಾಗದದ ಫಿಲ್ಟರನ್ನು ತಟ್ಟಬೇಕು, ಊದಬಾರದು, ತೊಳೆಯಬಾರದು. ಹೊರಗಿನ ಸ್ಪಂಜನ್ನು ಮಾತ್ರ ಸಾಬೂನು ನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಬೇಕು.

ಆಯಿಲ್ ಬದಲಾವಣೆ 50 ಗಂಟೆಗೊಮ್ಮೆ. ನಮ್ಮ ಸೆಕೆಗೆ ಎಸ್‌ಎಇ 30 ಎಂಬ ಮಂದತೆಯ ದರ್ಜೆಯದನ್ನು ಹಾಕುತ್ತಾರೆ. ಇದರ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಎಂಜಿನ್ನಿನ ಗಾಳಿಜಾಲರಿ ಮತ್ತು ತಂಪಾಗಿಸುವ ರೆಕ್ಕೆಗಳ ನಡುವೆ ಕುಳಿತ ಒಣಹುಲ್ಲನ್ನು ಪ್ರತಿದಿನ ಬ್ರಷ್ಷಿನಿಂದ ತೆಗೆಯುವುದು ಮಾತ್ರ ಆಯಿಲ್‌ನಷ್ಟೇ ಮುಖ್ಯ, ಏಕೆಂದರೆ ಈ ಎಂಜಿನ್ನಿಗೆ ನೀರಿನ ರೇಡಿಯೇಟರ್ ಇಲ್ಲ, ಗಾಳಿಯೇ ಗತಿ. ಸೈಲೆನ್ಸರಿನ ಬಳಿ ಒಣಹುಲ್ಲು ಉಳಿದರೆ ಶೆಡ್ಡಿನೊಳಗೆ ನಿಂತ ಮೇಲೂ ಅದು ಹೊತ್ತಿಕೊಳ್ಳಬಹುದು.

ಬ್ಲೇಡಿನ ಕೆಲಸದಲ್ಲಿ ಮಿಸ್ತ್ರಿಯ ಶಿಸ್ತು ನೋಡುವಂಥದ್ದು. ಕೀಲಿಯನ್ನು ತೆಗೆದು ತಮ್ಮ ಜೇಬಿಗೆ ಹಾಕಿಕೊಳ್ಳುತ್ತಾರೆ. ಸ್ಪಾರ್ಕ್ ಪ್ಲಗ್ಗಿನ ವೈರು ಕಿತ್ತು ದೂರಕ್ಕೆ ಬಾಗಿಸುತ್ತಾರೆ, ಏಕೆಂದರೆ ಬ್ಲೇಡನ್ನು ಕೈಯಿಂದ ತಿರುಗಿಸಿದಾಗ ಎಂಜಿನ್ ಒದ್ದುಕೊಂಡು ಎದ್ದರೆ ಬೆರಳು ಹೋಗುತ್ತದೆ. ಜಾಕಿನಿಂದ ಎತ್ತಿದ ಮೇಲೂ ಎರಡೂ ಕಡೆ ಜಾಲಿ ಮರದ ದಿಮ್ಮಿ ಕೊಡದೆ ಕೆಳಗೆ ಕೈ ಇಡುವುದಿಲ್ಲ. ಸಾಣೆ ಹಿಡಿದ ಬ್ಲೇಡಿನ ನಡುತೂತನ್ನು ಗೋಡೆಯ ಮೊಳೆಗೆ ಸಿಕ್ಕಿಸಿ, ತಕ್ಕಡಿಯ ಮುಳ್ಳು ನೋಡುವ ವ್ಯಾಪಾರಿಯಂತೆ ನಿಂತು ನೋಡುತ್ತಾರೆ. ಯಾವ ಬದಿ ಇಳಿಯುತ್ತದೋ ಆ ಬದಿಯನ್ನು ಅರದಿಂದ ತುಸು ಉಜ್ಜಿ ಮತ್ತೆ ಸಿಕ್ಕಿಸುತ್ತಾರೆ. ಒಂದು ಬದಿ ಭಾರವಾದ ಬ್ಲೇಡು ಇಡೀ ಯಂತ್ರವನ್ನು ನಡುಗಿಸಿ ಬೇರಿಂಗನ್ನು ತಿನ್ನುತ್ತದೆ. ಮಳೆಗಾಲದಲ್ಲಿ ಡೆಕ್ಕಿನ ಅಡಿ ಅಂಟುವ ಎರೆಮಣ್ಣನ್ನು ಮರದ ಪಟ್ಟಿಯಿಂದ ಕೆರೆಯುವುದನ್ನು ಅವರು ಮಾಲಿಗೇ ಬಿಟ್ಟಿದ್ದಾರೆ, ಆದರೆ ಪ್ಲಗ್ಗಿನ ವೈರು ತೆಗೆದಿದ್ದಾನೆಯೇ ಎಂದು ನಾನು ನೋಡಿದ ಮೇಲೆಯೇ ಅವನು ಕೈ ಹಾಕಬೇಕೆಂಬ ಕರಾರು.

ಸೀಟಿನ ಸ್ವಿಚ್ಚನ್ನು ಅವರು ಬೆಂಗಳೂರಿನಿಂದ ತರಿಸಿ ಹೊಸದಾಗಿ ಹಾಕಿದರು. ಪ್ರತಿ ಸೋಮವಾರ ಮಾಲಿ ಸಮತಟ್ಟಾದ ಜಾಗದಲ್ಲಿ ಎಂಜಿನ್ ಚಾಲು ಮಾಡಿ, ಬ್ಲೇಡು ತಿರುಗಿಸಿ, ಕಾಲು ಕೆಳಗಿಡದೆ ಸೀಟಿನಿಂದ ಸ್ವಲ್ಪ ಮೇಲೇಳುತ್ತಾನೆ. ಎಂಜಿನ್ ಆರಿದರೆ ಆ ವಾರದ ಕೆಲಸ ಆರಂಭ. ಆರದಿದ್ದರೆ ಯಂತ್ರ ಶೆಡ್ಡಿಗೆ, ಫೋನು ಮಿಸ್ತ್ರಿಗೆ.

ಅವರ ಸೇವೆಯಲ್ಲಿ ಕೊರತೆಗಳೂ ಇವೆ. ಭಾನುವಾರ ಬಿಟ್ಟು ಬೇರೆ ದಿನ ಬರುವುದು ಅಪರೂಪ. ಭತ್ತದ ಹಂಗಾಮಿನಲ್ಲಿ ಪಂಪ್‌ಸೆಟ್‌ಗಳ ಕೆಲಸಕ್ಕೆ ಸಿಕ್ಕಿಕೊಂಡರೆ ಆ ಭಾನುವಾರವೂ ತಪ್ಪುತ್ತದೆ. ಬೆಲ್ಟು, ಫಿಲ್ಟರುಗಳ ದಾಸ್ತಾನು ಅವರಲ್ಲಿಲ್ಲ, ತರಿಸಲು ಎರಡು ವಾರ ಬೇಕು. ನಾವೇ ಒಂದೊಂದು ಜೊತೆ ಕೊಂಡಿಟ್ಟುಕೊಂಡಿದ್ದೇವೆ. ಬಿಲ್ಲು ಕೇಳಿದರೆ ಚೀಟಿಯಲ್ಲಿ ಬರೆದುಕೊಡುತ್ತಾರೆ, ಲೆಕ್ಕಪರಿಶೋಧಕರು ಅದನ್ನು ಒಪ್ಪುವುದಿಲ್ಲ. ಆದರೂ ಪೂರ್ತಿ ಸರ್ವಿಸ್‌ಗೆ ಅವರು ತೆಗೆದುಕೊಳ್ಳುವ ಕೂಲಿ ಹಿಂದಿನ ವರ್ಕ್‌ಶಾಪಿನ ಅರ್ಧಕ್ಕಿಂತ ಕಡಿಮೆ, ಮತ್ತು ಪ್ರತಿ ಸಲವೂ ಮಾಲಿಯನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಕೆಲಸ ಮಾಡುತ್ತಾರೆ.

ಎರಡು ಎಕರೆಗಿಂತ ಕಡಿಮೆ ಹುಲ್ಲಿರುವವರಿಗೆ ಈ ಯಂತ್ರ ಬೇಡ. ತಳ್ಳುವ ಯಂತ್ರವೇ ಸಾಕು. ಕಾಲುವೆಯ ಏರಿ, ಕೆರೆಯ ಕಟ್ಟೆಯಂತಹ ಇಳಿಜಾರು ಇರುವಲ್ಲಿಯೂ ಬೇಡ, ಪಲ್ಟಿಯಾದರೆ ಕುಳಿತವನ ಮೇಲೆಯೇ ಬೀಳುತ್ತದೆ. ದೊಡ್ಡ ಸಮತಟ್ಟಾದ ಮೈದಾನವಿದ್ದು, ಒಬ್ಬನೇ ಚಾಲಕನನ್ನು ಕಾಯಂ ನೇಮಿಸಬಲ್ಲವರು ಧಾರಾಳವಾಗಿ ಕೊಳ್ಳಬಹುದು. ಈಗಾಗಲೇ ಕೊಂಡು ಬೇರೆಡೆ ಸರ್ವಿಸ್ ಮಾಡಿಸಿದವರು ದಯವಿಟ್ಟು ಇಂದೇ ಎಂಜಿನ್ ಆರಿಸಿ, ಕೀಲಿ ತೆಗೆದು, ಸೀಟನ್ನು ಎತ್ತಿ ಆ ಎರಡು ವೈರುಗಳನ್ನು ನೋಡಿರಿ.