ವಿಮಾನದ ಇಂಧನ ಟ್ಯಾಂಕಿಗೆ ಪ್ರೋಸೀಲ್: ವರ್ಷಗಳ ಬಳಕೆಯ ನಂತರ

ನಾನಿರುವುದು ಅಮೆರಿಕದ ಒರೆಗಾನ್‌ನಲ್ಲಿ. ಗ್ಯಾರೇಜಿನಲ್ಲೇ ಕಟ್ಟಿದ ಆರ್‌ವಿ-7 ಎಂಬ ಎರಡು ಸೀಟಿನ ಕಿಟ್ ವಿಮಾನದ ಟ್ಯಾಂಕುಗಳಿಗೆ ಪಾಲಿಸಲ್ಫೈಡ್ ಸೀಲೆಂಟ್ (ಸಂದಿ ಮುಚ್ಚುವ ರಬ್ಬರಿನಂಥ ಅಂಟು) ಬಳಸಿದ್ದೇನೆ, ಬಿ-2 ಎಂಬ ದಪ್ಪ ಪೇಸ್ಟಿನ ದರ್ಜೆಯದು. ಕಟ್ಟುವವರ ಬಾಯಲ್ಲಿ ಇದು ಪ್ರೋಸೀಲ್. ಹಾರಾಟ ಶುರುವಾಗಿ ವರ್ಷಗಳಾದವು, ರೆಕ್ಕೆಯ ಕೆಳಗೆ ಇವತ್ತಿಗೂ ನೀಲಿ ಕಲೆ ಬಿದ್ದಿಲ್ಲ. 100ಎಲ್‌ಎಲ್ ಎಂಬ ಸಣ್ಣ ವಿಮಾನಗಳ ಪೆಟ್ರೋಲಿಗೆ ನೀಲಿ ಬಣ್ಣ ಹಾಕಿರುತ್ತಾರೆ. ರಿವೆಟ್ (ಹಾಳೆಗಳನ್ನು ಜೋಡಿಸುವ ಲೋಹದ ಮೊಳೆ) ಸೋರಿದರೆ ಮೊದಲು ಕಾಣುವುದು ಅದೇ. ಇನ್ನೊಂದು ವಿಮಾನ ಕಟ್ಟಿದರೂ ಇದನ್ನೇ ತರಿಸುತ್ತೇನೆ.

ಈ ವಿಮಾನದಲ್ಲಿ ಪ್ರತಿ ರೆಕ್ಕೆಯ ಮುಂಭಾಗದ ಒಂದು ತುಂಡೇ ಟ್ಯಾಂಕ್. ಒಂದೊಂದರಲ್ಲೂ 21 ಗ್ಯಾಲನ್, ಅಂದರೆ ಸುಮಾರು 80 ಲೀಟರ್. ಒಳಗೆ ಬೇರೆ ಚೀಲವಿಲ್ಲ. ಹಾಗಾಗಿ ರಿವೆಟ್ ಹಾಕಿದ ಪ್ರತಿ ತೂತೂ ಸೋರಬಹುದಾದ ಜಾಗವೇ.

ಸೀಲೆಂಟ್ ಕಲಸುವಾಗ ಬಿಳಿ ಬೇಸ್ (ಮೂಲ ಪೇಸ್ಟ್) 10 ಭಾಗಕ್ಕೆ ಕಪ್ಪು ಗಟ್ಟಿಕಾರಕ 1 ಭಾಗ. ಕಣ್ಣಳತೆ ಬೇಡ, ತೂಕ ಮಾಡಿಯೇ ಬೆರೆಸಿ. ಬಿಳಿ ಗೆರೆ ಒಂದೂ ಉಳಿಯದಂತೆ ಕಲಸಬೇಕು. 25 ಡಿಗ್ರಿಯಲ್ಲಿ ಸುಮಾರು 2 ಗಂಟೆ ಕೆಲಸ ಮಾಡಬಹುದು, ಸೆಖೆ ಜಾಸ್ತಿಯಾದರೆ ಬೇಗ ಬಿಗಿಯುತ್ತದೆ. ಅದಕ್ಕೇ ನಾನು ಸ್ವಲ್ಪ ಸ್ವಲ್ಪವೇ ಕಲಸುತ್ತಿದ್ದೆ.

ಅಲ್ಯೂಮಿನಿಯಂ ಹಾಳೆಯನ್ನು ಸ್ಕಾಚ್-ಬ್ರೈಟ್‌ನಿಂದ ಉಜ್ಜಿ, ಅಸಿಟೋನ್‌ನಲ್ಲಿ ಒರೆಸಿ. ಆಮೇಲೆ ಬರಿಗೈಯಲ್ಲಿ ಮುಟ್ಟಲೇಬೇಡಿ. ರಿಬ್ (ರೆಕ್ಕೆಯೊಳಗಿನ ಅಡ್ಡ ಪಟ್ಟಿ) ಕೂರುವ ಅಂಚಿಗೂ ಡಿಂಪಲ್ (ರಿವೆಟ್ ತಲೆ ಕೂರಲು ಮಾಡಿದ ತಗ್ಗು) ಒಳಗೂ ಸೀಲೆಂಟ್ ಸವರಿ, ಅದು ಹಸಿಯಾಗಿರುವಾಗಲೇ ರಿವೆಟ್ ಹೊಡೆಯಬೇಕು. ತಲೆಯ ಸುತ್ತ ತೆಳ್ಳಗೆ ಕಪ್ಪು ಉಂಗುರ ಹೊರಬಂದರೆ ಸೀಲೆಂಟ್ ಸುತ್ತಲೂ ತುಂಬಿದೆ ಎಂದರ್ಥ. ನಂತರ ಒಳಗಡೆ, ಚಪ್ಪಟೆಯಾದ ರಿವೆಟ್ ಬಾಲದ ಮೇಲೆ ಇನ್ನೊಂದು ಗುಪ್ಪೆ ಇಟ್ಟು, ಅದರ ಅಂಚನ್ನು ಲೋಹಕ್ಕೆ ಒತ್ತಿ ಕೂರಿಸಿ. ಸುಮ್ನೆ ಕೊನೆಯಲ್ಲಿ ಮೇಲಿಂದ ಬಳಿದರೆ ಸಾಲದು, ಸಂದಿಯೊಳಗೂ ಇರಲೇಬೇಕು. ಟ್ಯಾಂಕಿನ ಹಿಂದಿನ ಗೋಡೆಯಾದ ಬ್ಯಾಫಲ್‌ಗೆ ಪಾಪ್ ರಿವೆಟ್ (ಹೊರಗಿನಿಂದಲೇ ಎಳೆದು ಬಿಗಿಸುವ ಟೊಳ್ಳು ರಿವೆಟ್) ಬರುವ ಕಡೆ ತುದಿ ಮುಚ್ಚಿದ್ದನ್ನೇ ಬಳಸಿ. ಮಾಮೂಲಿಯದರಲ್ಲಿ ನಡುವಿನಿಂದಲೇ ಸೋರುತ್ತದೆ.

ತೊಂದರೆಗಳೂ ಇವೆ. ಗಂಧಕದ ವಾಸನೆ ಗ್ಯಾರೇಜು ಬಿಟ್ಟು ಹೋಗುವುದಿಲ್ಲ. ಬಟ್ಟೆಗೆ ತಾಗಿದರೆ ಆ ಬಟ್ಟೆ ಅಷ್ಟೇ. ಡಬ್ಬಿಯ ಅವಧಿಯೂ ಕಡಿಮೆ. ನನಗೆ ಮೊದಲು ಬಂದ ಡಬ್ಬಿಯ ಅವಧಿ ಆಗಲೇ ಮುಗಿಯುತ್ತಾ ಬಂದಿತ್ತು, ಜಗಳವಾಡಿಯೇ ಬದಲಾಯಿಸಿಕೊಳ್ಳಬೇಕಾಯಿತು. ತಾರೀಖು ಕೇಳಿಯೇ ಕೊಳ್ಳಿ.

ಸೋರಿಕೆ ಪರೀಕ್ಷೆಗೆ ಗಾಳಿಯ ಒತ್ತಡ 1 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ದಾಟಬಾರದು, ಟ್ಯಾಂಕೇ ಹಾಳಾದೀತು. ಒತ್ತಡ ನೋಡಲು ಟ್ಯಾಂಕಿಗೆ ಕಟ್ಟುವ ಬಲೂನ್ ಒಂದನ್ನೇ ನಂಬಬೇಡಿ, ಬಿಸಿಲೇರಿದರೂ ಅದು ಉಬ್ಬುತ್ತದೆ. ರಿವೆಟ್ ಸಾಲಿಗೆ ಸೋಪಿನ ನೀರು ಹಚ್ಚಿ ಗುಳ್ಳೆ ಹುಡುಕಿ.

ಒಳಗೆ ಸ್ಲಾಶ್ (ತೆಳುವಾದ ದ್ರವ ಸೀಲೆಂಟ್) ಸುರಿದು ಟ್ಯಾಂಕನ್ನು ತಿರುಗಿಸಿ ಮುಚ್ಚುವ ಹಳೆಯ ಉಪಾಯ ಮಾತ್ರ ಬೇಡವೇ ಬೇಡ. ಅದು ಕ್ರಮೇಣ ಪದರ ಬಿಟ್ಟು ಇಂಧನದ ದಾರಿಗೆ ಅಡ್ಡ ಬಂದದ್ದುಂಟು. ಎಲ್ಲಾದರೂ ಜಿನುಗಿದರೆ ಟ್ಯಾಂಕಿನೊಳಗೆ ಕೈಹಾಕಲು ಇರುವ ಮುಚ್ಚಳ ತೆಗೆದು, ಆ ಜಾಗವನ್ನು ಶುಚಿ ಮಾಡಿ, ಒಳಗಿನಿಂದಲೇ ಹೊಸದಾಗಿ ಸೀಲೆಂಟ್ ಹಾಕಿ.