ಬೈಕಂಪಾಡಿಯ ಲೇತ್ ವರ್ಕ್‌ಶಾಪಲ್ಲಿ ನ್ಯೂಟ್ರಾನ್ ಪ್ರಯೋಗದ ಹೋಲ್ಡರ್ ಮಾಡಿಸಿದ್ದು

ಮಂಗಳೂರಿನ ಬೈಕಂಪಾಡಿ ಇಂಡಸ್ಟ್ರಿಯಲ್ ಏರಿಯಾದ ಒಳರಸ್ತೆಯಲ್ಲಿ ಎರಡೇ ಲೇತ್ ಇರುವ ಒಂದು ಸಣ್ಣ ವರ್ಕ್‌ಶಾಪ್ ಉಂಟು, ಬೋರ್ಡೂ ಸರಿ ಕಾಣುದಿಲ್ಲ, ಹೆಚ್ಚಾಗಿ ಮೀನಿನ ಬೋಟಿನ ಶಾಫ್ಟ್, ಬುಶ್ ಕೆಲಸ ಅವರದ್ದು. ನಾನು ಹೋದದ್ದು ಮುಂಬೈ ಟ್ರಾಂಬೆಯ ಧ್ರುವ ಅಣು ರಿಯಾಕ್ಟರ್‌ನಲ್ಲಿ ನ್ಯೂಟ್ರಾನ್ ಡಿಫ್ರಾಕ್ಷನ್ (ಸ್ಯಾಂಪಲ್ ಮೇಲೆ ನ್ಯೂಟ್ರಾನ್ ಬಿಟ್ಟು, ಅವು ಯಾವ ಕೋನಕ್ಕೆ ಚದುರ್ತವೆ ಅಂತ ನೋಡಿ ಒಳಗೆ ಪರಮಾಣು ಎಲ್ಲೆಲ್ಲಿ ಕೂತಿದೆ ಅಂತ ತಿಳಿಯುದು) ಮಾಡ್ಲಿಕ್ಕೆ ಸ್ಯಾಂಪಲ್ ಹೋಲ್ಡರ್ ಬೇಕಿತ್ತು ಅಂತ.

ನಮ್ಮ ಸ್ಯಾಂಪಲ್ ಬ್ಯಾಟರಿಗೆ ಬಳಸುವ ಲಿಥಿಯಂ ಮ್ಯಾಂಗನೀಸ್ ಆಕ್ಸೈಡ್ ಪುಡಿ. ಎಕ್ಸ್‌ರೇ ಚದುರುದು ಎಲೆಕ್ಟ್ರಾನಿಂದ, ಲಿಥಿಯಂನಲ್ಲಿ ಇರುದೇ 3, ಪಕ್ಕದ ಮ್ಯಾಂಗನೀಸ್‌ನಲ್ಲಿ 25, ಹಾಗಾಗಿ ಲಿಥಿಯಂ ಎಲ್ಲಿ ಕೂತಿದೆ ಅಂತ ಸರಿ ಗೊತ್ತಾಗುದಿಲ್ಲ. ನ್ಯೂಟ್ರಾನ್ ಚದುರುದು ನ್ಯೂಕ್ಲಿಯಸ್‌ನಿಂದ, ಅದಕ್ಕೆ ಲಿಥಿಯಂ ಕಾಣ್ತದೆ. ಪುಡಿ ತುಂಬುವ ಡಬ್ಬಿ ವೆನೇಡಿಯಂದು, ಅದರಿಂದ ಪೀಕ್, ಅಂದ್ರೆ ಗ್ರಾಫಲ್ಲಿ ಏಳುವ ಮೊನೆ, ಹೆಚ್ಚುಕಮ್ಮಿ ಬರುದೇ ಇಲ್ಲ. ಅಲ್ಯುಮಿನಿಯಂ ನ್ಯೂಟ್ರಾನನ್ನು ಸಲೀಸಾಗಿ ಬಿಡ್ತದೆ ಆದ್ರೆ ತನ್ನದೇ ಪೀಕ್ ಕೊಡ್ತದೆ, ಅದಕ್ಕೇ ಡಬ್ಬಿ ಹಿಡಿಯುವ ಭಾಗ ಮಾತ್ರ ಅಲ್ಯುಮಿನಿಯಂ, ಅದೂ ನ್ಯೂಟ್ರಾನ್ ಬರುವ ಬೀಮ್‌ನಿಂದ ಹೊರಗೆ.

ಮೊದಲು ಬೇರೆ ಕಡೆ ಕೊಟ್ಟಿದ್ದೆ, ಅಲ್ಲಿಂದ ಬಂದ ಪೀಸ್ ತಿರುಗಿಸಿದ್ರೆ ಡಬ್ಬಿಯ ತುದಿ ಕಣ್ಣಿಗೇ ಕಾಣುವಷ್ಟು ಓಲಾಡ್ತಿತ್ತು ಮಾರಾಯ್ರೆ. ಸ್ಯಾಂಪಲ್ ಸೆಂಟರ್ ಬಿಟ್ಟು ಕೂತ್ರೆ ಪೀಕಿನ ಕೋನವೇ ಸರಿದು ಹೋಗ್ತದೆ, ಮತ್ತೆ ಪರಮಾಣುಗಳ ದೂರ ಲೆಕ್ಕ ಹಾಕಿ ಎಂತ ಪ್ರಯೋಜನ? ಪ್ರಪೋಸಲ್ ಬರೆದು ಕಾದು ಸಿಕ್ಕಿದ ಬೀಮ್ ಟೈಮ್ (ರಿಯಾಕ್ಟರಲ್ಲಿ ಪ್ರಯೋಗಕ್ಕೆ ಕೊಟ್ಟ ಸಮಯ) ಅದು.

ಇಲ್ಲಿನ ಅಣ್ಣ ಡ್ರಾಯಿಂಗ್ ನೋಡಿ ಮೊದಲು ಕೇಳಿದ್ದೇ "ಇದು ಎಲ್ಲಿ ಕೂರುದು?" ಅಂತ. ಪೀಸನ್ನು ಲೇತಲ್ಲಿ ಕಚ್ಚಿ ಹಿಡಿಯುವ ಚಕ್‌ನಿಂದ ತೆಗೆದು ತಿರುಗಿಸಿ ಹಾಕಿದ್ರೆ ಸೆಂಟರ್ ಔಟ್ ಆಗ್ತದೆ ಅಂತ ಒಳಗಿನ ಬೋರ್ (ತೂತು), ಹೊರಗಿನ ಸ್ಟೆಪ್ (ಮೆಟ್ಟಿಲು) ಎರಡನ್ನೂ ಒಂದೇ ಸೆಟ್ಟಿಂಗಲ್ಲಿ ಹೊಡೆದ್ರು, ಮತ್ತೆ ಓಲಾಟ ಅಳೆಯುವ ಡಯಲ್ ಗೇಜ್ ಇಟ್ಟು ಚಕ್ ಕೈಯಲ್ಲಿ ಮೆಲ್ಲ ತಿರುಗಿಸಿ ತೋರಿಸಿದ್ರು, ಮುಳ್ಳು ಎರಡು ಗೆರೆ ದಾಟ್ಲಿಲ್ಲ, ಅಂದ್ರೆ 0.02 ಮಿಲಿಮೀಟರ್! ಲೇತಿನ ಎಣ್ಣೆ ಉಳಿದ್ರೆ ಅದರ ಹೈಡ್ರೋಜನ್ ನ್ಯೂಟ್ರಾನನ್ನು ಎಲ್ಲಾ ದಿಕ್ಕಿಗೂ ಚದುರಿಸಿ ಗ್ರಾಫಿನ ಬ್ಯಾಕ್‌ಗ್ರೌಂಡ್ ಏರಿಸ್ತದೆ ಅಂತ ನಾನು ಒಂದೇ ಸಲ ಹೇಳಿದ್ದು, ಸ್ಕ್ರೂ ತೂತಿನ ಒಳಗೂ ಅಸಿಟೋನ್ ಹಾಕಿ ತೊಳೆದು ಕೊಟ್ರು.

1,600 ರೂಪಾಯಿ ಆಯ್ತು, ನನಗೆ ಹೆಚ್ಚು ಅನಿಸ್ಲಿಲ್ಲ. ಹೇಳಿದ ದಿನಕ್ಕಿಂತ ನಾಲ್ಕು ದಿನ ತಡ, ಬೋಟಿನವರ ಅರ್ಜೆಂಟ್ ಬಂದ್ರೆ ನಮ್ಮದು ಹಿಂದೆ ಹೋಗ್ತದೆ, ಅದೊಂದು ನೋಡಿಕೊಂಡು ಮುಂಚೆಯೇ ಕೊಡಿ.

ಟ್ರಾಂಬೆಯಿಂದ ಬಂದ ಮೇಲೆ ಗ್ರಾಫ್ ಮೊಬೈಲಲ್ಲಿ ತೋರಿಸ್ಲಿಕ್ಕೆ ಹೋಗಿದ್ದೆ. ಅಣ್ಣ ಕೈ ಒರೆಸಿಕೊಂಡು ಒಂದೊಂದೇ ಪೀಕ್ ಮೇಲೆ ಬೆರಳಿಟ್ಟು "ಇದು ನಮ್ಮ ಅಲ್ಯುಮಿನಿಯಂದಾ?" ಕೇಳಿದ್ರು. ಒಂದೂ ಅಲ್ಲ, ಎಲ್ಲಾ ಸ್ಯಾಂಪಲಿದ್ದೇ.